ಯಾರ ಮನೆಯ ಹುಡುಗಿ

"ಅತ್ತೆ, ಅಂಗಡೀಲಿ ಒಬ್ಬ ಮುದುಕ ಬಂದು ಕೂತಿದಾನೆ. ಎಳೇ ಹುಡುಗನ ಥರ ಮಾತಾಡ್ತಾನೆ," ಎನ್ನುತ್ತ ಸುನಾ ಅಂಗಳಕ್ಕೆ ಬಂದಳು. ನಗು ತಡೆಯಲಾಗದೆ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ರೆಫಿಯೆ ತಾಮ್ರದ ಕೊಪ್ಪರಿಗೆಯ ಮುಂದೆ ಕೂತು ದ್ರಾಕ್ಷಿರಸ ಕಾಯಿಸುತ್ತಿದ್ದಳು. ರಸ ಬತ್ತಿ ಬತ್ತಿ ಜೋನಿಬೆಲ್ಲದ ಹದಕ್ಕೆ ಬರಬೇಕು, ಅಷ್ಟರತನಕ ಸೌಟು ನಿಲ್ಲಿಸುವ ಹಾಗಿಲ್ಲ. ಸೊಸೆಯ ಮಾತನ್ನು ಅವಳು ಅರ್ಧ ಕಿವಿಯಲ್ಲಿ ಕೇಳಿದಳು. ಮುದುಕ ಎಲ್ಲರನ್ನೂ ನೀನು ನೀನು ಅನ್ನುತ್ತಾನಂತೆ. ಊರ ಯಜಮಾನ ಶೆವ್ಕೆತ್ ಎದುರಿಗೆ ಕೂತು, "ಟೀ ಬಿಸಿ ಇದೆ, ಉಫ್ ಅಂತ ಊದ್ಕೊಂಡು ಕುಡಿ" ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮುದುಕನೂ ಅವರ ಜೊತೆ ನಕ್ಕನಂತೆ, ಯಾಕೆ ಅಂತ ಗೊತ್ತಾಗದೆ.

"ಎಲ್ಲಿಯವನು?"

"ಗ್ರೀಸಿನ ಬಸ್ಸು ಬಂದಿದೆಯಲ್ಲ, ಅದರಲ್ಲಿ ಬಂದವನು. ಉಳಿದವರೆಲ್ಲ ಕಣಿವೆಗಿಳಿದು ಚರ್ಚುಗಳನ್ನ ನೋಡ್ತಿದಾರೆ. ಇವನಿಗೆ ಮಂಡಿ ನೋವಂತೆ, ಹಿಂದೆ ಉಳಿದ."

ರೆಫಿಯೆಯ ಸೌಟು ನಿಂತಿತು. ಸುನಾ ಮತ್ತೇನೋ ಹೇಳುತ್ತಿದ್ದಳು, ಅದು ಅವಳಿಗೆ ಕೇಳಿಸಲಿಲ್ಲ. ಎದ್ದು, ಕೈಯನ್ನು ಬೂದಿನೀರಿನಲ್ಲಿ ಅದ್ದಿ ತೊಳೆದು, ಸೌಟನ್ನು ಸೊಸೆಯ ಕೈಗೆ ಕೊಟ್ಟಳು.

"ಇದನ್ನ ನೋಡ್ಕೊ. ತಳ ಹಿಡೀದಿರಲಿ."

ಎಲ್ಲಿಗೆ ಎಂದು ಸುನಾ ಕೇಳುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಸಾರಿದೆರೆ ಹಳ್ಳಿಯ ಆ ಓಣಿಯಲ್ಲಿ ಅವಳು ಹಗಲು ಹೊತ್ತಿನಲ್ಲಿ ಹೀಗೆ ಬಿರುಸಾಗಿ ನಡೆದು ಎಷ್ಟೋ ಕಾಲವಾಗಿತ್ತು. ಅಕ್ಕ ಮುನೆವ್ವೆರ್ ಬದುಕಿದ್ದಾಗ ದಿನಾ ಮಧ್ಯಾಹ್ನ ಅವಳ ಮನೆಗೆ ಹೋಗುತ್ತಿದ್ದಳು. ಇಬ್ಬರೂ ರೊಟ್ಟಿ ಸುಡುವ ಒಲೆಯ ಹಿಂದೆ, ಬಾಗಿಲು ಮುಂದೆ ಮಾಡಿಕೊಂಡು ಕೂತು ತಮ್ಮ ಮಾತಿನಲ್ಲಿ ಮಾತಾಡುತ್ತಿದ್ದರು. ತಮ್ಮ ಮಾತು ಎಂದರೆ ಗ್ರೀಕ್. ಅವರು ಹುಟ್ಟಿದ್ದು ಸಮುದ್ರದಾಚೆ ಗ್ರೀಸಿನಲ್ಲಿ, ನಸ್ಲಿಚ್ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಮುಸಲ್ಮಾನರ ಮನೆಗಳಲ್ಲೂ ಗ್ರೀಕೇ ಮನೆಮಾತು. ಗ್ರೀಸ್, ತುರ್ಕಿ ಎರಡೂ ದೇಶಗಳು ರುಜು ಹಾಕಿ, ಅಲ್ಲಿಯ ಮುಸಲ್ಮಾನರನ್ನು ಇಲ್ಲಿಗೆ, ಇಲ್ಲಿಯ ಕ್ರೈಸ್ತರನ್ನು ಅಲ್ಲಿಗೆ ಸಾಗಿಸಿದಾಗ ರೆಫಿಯೆಗೆ ಎಂಟು ವರ್ಷ. ಹಡಗಿನಿಂದ ಇಳಿದು, ಗಾಡಿಗಳಲ್ಲಿ ಈ ಬೋಳು ಬೆಟ್ಟಗಳ ನಡುವೆ ಬಂದಾಗ ಒಂದು ತುರ್ಕಿ ಪದವೂ ಅವರಿಗೆ ಬರುತ್ತಿರಲಿಲ್ಲ. ಸುತ್ತಲಿನ ಹಳ್ಳಿಯವರು ಅವರಿಗೆ ಅರೆಕಾಫಿರರು ಎಂದು ಹೆಸರಿಟ್ಟರು. ಆ ಹೆಸರು ಇವತ್ತಿಗೂ ಪೂರ್ತಿ ಹೋಗಿಲ್ಲ. ಮದುವೆಯಾದ ವಾರದಲ್ಲೇ ಗಂಡ ಹಾಲಿತ್ ಮೆತ್ತಗೆ ಹೇಳಿದ್ದ: ಮನೆಯೊಳಗೆ ಏನಾದರೂ ಮಾತಾಡಿಕೋ, ಹೊಸ್ತಿಲಾಚೆ ಬೇಡ. ಮಗ ಬೆಕಿರ್ ಹುಟ್ಟಿದ ಮೇಲೆ ಮನೆಯೊಳಗೂ ನಿಂತಿತು. ಮಗುವಿಗೆ ಆ ಮಾತಿನ ಮೈಲಿಗೆ ತಗಲುವುದು ಯಾಕೆ ಎಂದು ಅವಳೇ ನಿಲ್ಲಿಸಿದ್ದಳು.

ಜೊತೆಗೆ ಬಂದ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋಗಿ, ಹೀಗೆ ಆ ಮಾತಿಗೆ ಉಳಿದವರು ಅಕ್ಕತಂಗಿ ಇಬ್ಬರೇ. ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಆಮೇಲೆ ರೆಫಿಯೆ ತನ್ನ ಮಾತನ್ನು ಆಡಿದ್ದು ಕೋಳಿಗಳ ಹತ್ತಿರ ಮಾತ್ರ. ಅದೂ ಸುನಾ ಹಿತ್ತಿಲಲ್ಲಿ ಇಲ್ಲದಾಗ.

ಕಣಿವೆಯ ಬಾಯಲ್ಲಿ ಬೆಕಿರನ ಟೀ ಅಂಗಡಿ. ಮುದುಕ ಅಲ್ಲಿರಲಿಲ್ಲ. ಅವಳು ಬಂದದ್ದನ್ನು ಕಂಡು ಬೆಕಿರ್ ಹುಬ್ಬು ಗಂಟಿಕ್ಕಿದ. ಆ ಮುದುಕ ಕೆಳಗೆ ಹೋದ, ಕೋಲೂರಿಕೊಂಡು ಒಬ್ಬನೇ ಹೋದ ಎಂದು ಯಾರೋ ಹೇಳಿದರು. ಅವಳು ನಿಲ್ಲದೆ ಮುಂದೆ ನಡೆದಳು. ಕಾವಲಿನವನು ಬೇಲಿಯ ಗೇಟನ್ನು ತೆಗೆದು, ಏನು ದೊಡ್ಡಮ್ಮ, ನೀವೂ ಪ್ರವಾಸಕ್ಕೆ ಹೊರಟಿರಾ ಎಂದು ತಮಾಷೆ ಮಾಡಿದ. ಅವಳು ಆಗಲೇ ಇಳಿಜಾರು ಹಿಡಿದಿದ್ದಳು.

ಕೆಳಗೆ ಹೊಳೆಯ ದಂಡೆಯಲ್ಲಿ ನೀರವಂಜಿ ಗಿಡಗಳು ಹಳದಿಗೆ ತಿರುಗಿದ್ದವು. ಎರಡೂ ಕಡೆ ಬಂಡೆಯ ಗೋಡೆಗಳು. ಅವುಗಳ ತುಂಬ ಹಿಂದಿನವರು ಕೊರೆದ ಕಿಟಕಿ, ಬಾಗಿಲು, ಪಾರಿವಾಳದ ಗೂಡು, ಮುರಿದುಬಿದ್ದ ಮೆಟ್ಟಿಲು. ದೂರದ ಚರ್ಚೊಂದರಿಂದ ಪ್ರವಾಸಿಗರ ಮಾತು ಗುಂಯ್ ಎಂದು ಕೇಳುತ್ತಿತ್ತು. ಮುದುಕ ಹತ್ತಿರದಲ್ಲೇ ಒಂದು ಉರುಳಿಬಿದ್ದ ಬಂಡೆಯ ಮೇಲೆ ಕೂತಿದ್ದ. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೊಣಕಾಲುಗಳ ನಡುವೆ ಕೋಲು.

ರೆಫಿಯೆ ಅವನ ಮುಂದೆ ಬಂದು ನಿಂತಳು. ಓಡಿಬಂದ ಏದುಸಿರು. ದಾರಿಯುದ್ದಕ್ಕೂ ಬಾಯೊಳಗೆ ಜೋಡಿಸಿಟ್ಟುಕೊಂಡಿದ್ದ ವಾಕ್ಯವನ್ನು ಗ್ರೀಕಿನಲ್ಲಿ ಹೇಳಿದಳು. ಚೆನ್ನಾಗಿದೀಯಾ, ಯಾವ ಊರಿಂದ ಬಂದೆ ಎಂದು ಕೇಳಿದಳು.

ಮುದುಕ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಕಂಡಿತು, ಆಮೇಲೆ ಅದು ಬಾಡಿತು. ಅವನು ತುರ್ಕಿಯಲ್ಲಿ ಉತ್ತರಿಸಿದ.

"ನಾನು ಇಲ್ಲಿಯವನೇ. ಇದೇ ಊರು."

ಅವಳು ಮತ್ತೆ ಗ್ರೀಕಿನಲ್ಲಿ ಕೇಳಿದಳು. ಅವನು ಮತ್ತೆ ತುರ್ಕಿಯಲ್ಲೇ ಹೇಳಿದ. ಎರಡು ಮೂರು ಸಲ ಹೀಗಾಯಿತು. ಕೊನೆಗೆ ಮುದುಕ ಕೈಯೆತ್ತಿ ತಡೆದ.

"ಆ ಮಾತು ಬೇಡ. ಅದನ್ನ ಕೇಳೀ ಕೇಳೀ ನನ್ನ ಕಿವಿ ನೋಯ್ತಿದೆ. ನೀನು ನಮ್ಮ ಮಾತು ಆಡು. ಅದಕ್ಕೇ ನಾನು ಬಂದಿದ್ದು."

ಸುನಾ ಹೇಳಿದ್ದು ನಿಜ. ಬಿಳಿ ಹುಬ್ಬಿನ ಆ ಮನುಷ್ಯನ ಬಾಯಿಂದ ಹತ್ತು ವರ್ಷದ ಹುಡುಗನ ಮಾತು ಬರುತ್ತಿತ್ತು. ಆದರೆ ರೆಫಿಯೆಗೆ ನಗು ಬರಲಿಲ್ಲ. ಬೇಸಿಗೆಯಲ್ಲಿ ಬಾವಿಯವರೆಗೆ ನಡೆದು ಬಂದು ಹಗ್ಗ ತುಂಡಾಗಿದ್ದನ್ನು ಕಂಡ ಹಾಗಾಯಿತು. ಇವನಿಗೆ ಅಲ್ಲಿ ಊರ ತುಂಬ ಗ್ರೀಕ್. ನನಗೆ ಇಲ್ಲಿ ಊರ ತುಂಬ ತುರ್ಕಿ. ತನ್ನ ಹತ್ತಿರ ರಾಶಿ ಬಿದ್ದಿರುವುದರಲ್ಲಿ ಒಂದು ಹಿಡಿ ಕೊಡಲು ಇವನಿಗೆ ಏನಾಗಿದೆ? ಹಾಗೆ ಯೋಚಿಸಿದಾಗಲೇ ಇನ್ನೊಂದೂ ಹೊಳೆಯಿತು: ಅದೇ ಪ್ರಶ್ನೆಯನ್ನು ಇವನೂ ನನ್ನನ್ನು ಕೇಳಬಹುದು. ಹೊಳೆದರೂ ಸಿಟ್ಟು ಇಳಿಯಲಿಲ್ಲ. ಅವಳು ತಿರುಗಿ ನಡೆಯತೊಡಗಿದಳು.

"ಹುಡುಗೀ," ಎಂದು ಮುದುಕ ಹಿಂದಿನಿಂದ ಕೂಗಿದ. "ಯಾರ ಮನೆ ಹುಡುಗಿ ನೀನು?"

ಅವಳ ಕಾಲು ನಿಂತಿತು. ಈ ಸೀಮೆಯಲ್ಲಿ ದಾರಿಯಲ್ಲಿ ಸಿಕ್ಕ ಮಕ್ಕಳನ್ನು ದೊಡ್ಡವರು ಕೇಳುವುದೇ ಹಾಗೆ. ಅವಳನ್ನು ಎಲ್ಲರೂ ಹಾಲಿತನ ಹೆಂಡತಿ ಎಂದರು, ಬೆಕಿರನ ತಾಯಿ ಎಂದರು. ಚಿಕ್ಕಂದಿನಲ್ಲಿ ಮಾತ್ರ ಯಾರೂ ಕೇಳಲಿಲ್ಲ. ಯಾರ ಮನೆಯ ಹುಡುಗಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅರೆಕಾಫಿರರ ಹುಡುಗಿ ಎಂದು ನೋಡಿದರೇ ತಿಳಿಯುತ್ತಿತ್ತು.

ಅವಳು ಹಿಂದಿರುಗಿ ನೋಡಿ ಗ್ರೀಕಿನಲ್ಲಿ ಹೇಳಿದಳು: "ಕಮ್ಮಾರ ಇಸ್ಮಾಯಿಲನ ಮಗಳು. ಚಿಕ್ಕವಳು. ನೀನು?"

"ನಾನು ಗಾಣದ ಮನೆಯ ಪ್ರೊದ್ರೊಮೋಸ್," ಎಂದ ಅವನು, ತುರ್ಕಿಯಲ್ಲಿ.

ಗಾಣದ ಮನೆ. ರೆಫಿಯೆ ಅವನನ್ನೇ ನೋಡಿದಳು. ಬಂಡೆ ಕೊರೆದು ಮಾಡಿದ ಆ ಗವಿಮನೆಯಲ್ಲೇ ಅವರನ್ನು ಮೊದಲು ಇಳಿಸಿದ್ದು. ಒಳಗಿನ ಕೋಣೆಯಲ್ಲಿ ಅಗಸೆ ಎಣ್ಣೆ ತೆಗೆಯುವ ದೊಡ್ಡ ಕಲ್ಲಿತ್ತು. ಗೋಡೆಗೆಲ್ಲ ಎಣ್ಣೆ ಜಿಡ್ಡು. ಅವರ ಬಟ್ಟೆ, ಹಾಸಿಗೆ, ರೊಟ್ಟಿ ಎಲ್ಲಕ್ಕೂ ಎಷ್ಟೋ ವರ್ಷ ಅದೇ ವಾಸನೆ. ಅಮ್ಮ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಮತ್ತೆ ಜಿಡ್ಡು ಮೇಲೆ ಬರುತ್ತಿತ್ತು. ಈ ಮನೆಯವರು ಹೋಗಿಯೇ ಇಲ್ಲ ನೋಡು ಎಂದು ಅಮ್ಮ ಬೈದುಕೊಳ್ಳುತ್ತಿದ್ದಳು.

ಅವಳು ಅವನತ್ತ ಕೈ ಚಾಚಿದಳು. ಏಳು, ತೋರಿಸ್ತೀನಿ ಎಂದಳು. ಗ್ರೀಕಿನಲ್ಲೇ ಎಂದಳು. ಅವನು ಈ ಸಲ ಬೇಡವೆನ್ನಲಿಲ್ಲ.

ದಾರಿ ಅಷ್ಟೇನೂ ದೂರವಿರಲಿಲ್ಲ, ಆದರೆ ಅವನ ಮಂಡಿಯ ದೆಸೆಯಿಂದ ಹೊತ್ತು ಹಿಡಿಯಿತು. ನಡೆಯುತ್ತ ನಡೆಯುತ್ತ ಅದು ತಾನಾಗಿಯೇ ಹಾಗೆ ಹೊಂದಿಕೊಂಡಿತು: ಅವಳು ಗ್ರೀಕಿನಲ್ಲಿ ಕೇಳುವುದು, ಅವನು ತುರ್ಕಿಯಲ್ಲಿ ಹೇಳುವುದು. ಅವನು ತನ್ನ ತಾಯಿಯ ವಿಷಯ ಹೇಳಿದ. ಇಲ್ಲಿಯ ಕ್ರೈಸ್ತರ ಮನೆಮಾತು ತುರ್ಕಿಯೇ ಆಗಿತ್ತು. ಅಲ್ಲಿಗೆ ಹೋದ ಮೇಲೂ ಅವಳು ಸಾಯುವವರೆಗೆ ಗ್ರೀಕ್ ಕಲಿಯಲಿಲ್ಲ. ಯೇಸುವನ್ನು ತುರ್ಕಿಯಲ್ಲೇ ಬೇಡಿಕೊಳ್ಳುತ್ತಿದ್ದಳು. ಬ್ರೆಡ್ಡಿನ ಅಂಗಡಿಯಲ್ಲಿ ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಶಾಲೆಯಲ್ಲಿ ಇವನನ್ನು ತುರ್ಕರ ಬೀಜ ಎಂದು ಹುಡುಗರು ಅಟ್ಟಿಸಿಕೊಂಡು ಹೊಡೆದಿದ್ದರು. ಹೆಂಡತಿ ಆ ಕಡೆಯವಳು, ಒಳ್ಳೆಯವಳು, ಆದರೆ ನೀನು ನಿದ್ದೆಯಲ್ಲಿ ಬೈತೀಯ ಎಂದು ಆಗಾಗ ಎಬ್ಬಿಸುತ್ತಿದ್ದಳು. ಬೈಗುಳವಲ್ಲ ಅದು, ತುರ್ಕಿ. ತುರ್ಕಿ ಆಡಲು ಕೊನೆಗೆ ಉಳಿದಿದ್ದವನು ಒಬ್ಬ ಕ್ಷೌರಿಕ. ಕೂದಲು ಬೆಳೆಯದಿದ್ದರೂ ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದ. ಈ ಬೇಸಿಗೆಯಲ್ಲಿ ಕ್ಷೌರಿಕನೂ ತೀರಿಹೋದ.

"ನನ್ನ ಮಾತು ಕೇಳಿ ಅಂಗಡೀಲಿ ಅವರೆಲ್ಲ ಯಾಕೆ ನಕ್ಕರು?" ಎಂದು ಅವನು ಕೇಳಿದ.

ನೀನು ಚಿಕ್ಕ ಹುಡುಗನ ಥರ ಮಾತಾಡ್ತೀಯ, ಅದಕ್ಕೆ ಎಂದಳು ರೆಫಿಯೆ.

ಅವನು ಕೋಲೂರಿ ಒಂದು ಕಲ್ಲನ್ನು ದಾಟಿದ. "ನೀನೂ ಅಷ್ಟೇ," ಎಂದ. "ನಿನ್ನ ಗ್ರೀಕ್ ಕೇಳಿದ್ರೆ ಎರಡು ಜಡೆ ಹಾಕ್ಕೊಂಡಿರೋ ಹುಡುಗಿ ಮಾತಾಡಿದ ಹಾಗಿದೆ."

ಇಬ್ಬರೂ ನಕ್ಕರು. ರೆಫಿಯೆಗೆ ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಗಾಣದ ಮನೆಯ ಬಾಗಿಲಿಗೆ ಈಗ ಕದವಿಲ್ಲ. ಒಳಗೆ ಪಾರಿವಾಳದ ಹಿಕ್ಕೆ, ಯಾರೋ ಹಿಂದೆ ಒಟ್ಟಿದ್ದ ಹುಲ್ಲಿನ ಕಸ. ಪ್ರೊದ್ರೊಮೋಸ್ ತಲೆ ಬಗ್ಗಿಸಿ ಒಳಗೆ ಹೋದ. ಗಾಣದ ಕಲ್ಲು ಅಲ್ಲೇ ಇತ್ತು, ಒಂದು ಕಡೆ ಒಡೆದಿತ್ತು. ಅವನು ಸುತ್ತ ನೋಡಿದ, ಗೋಡೆಯ ಮೇಲೆ ಅಂಗೈ ಇಟ್ಟ, ತೆಗೆದ. ಅವನು ಅಳುತ್ತಾನೆಂದು ರೆಫಿಯೆ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಅವನು ಅಳಲಿಲ್ಲ.

"ಇಷ್ಟೇನಾ?" ಎಂದ. "ಇಷ್ಟು ಚಿಕ್ಕದಾ? ಇದರಲ್ಲಿ ಒಂದು ಕುದುರೆ ಸುತ್ತಾ ಇತ್ತು. ಆ ಮೂಲೇಲಿ ಅಪ್ಪ. ಇಲ್ಲಿ ನಾವು ಆರು ಜನ ಮಲಗ್ತಿದ್ವಿ. ನಾನು ಅರಮನೆ ಅಂದ್ಕೊಂಡಿದ್ದೆ."

ನಾವು ಏಳು ಜನ ಎಂದಳು ರೆಫಿಯೆ.

ಅವಳು ಕಲ್ಲಿನ ಅಂಚಿನ ಮೇಲೆ ಕೂತಳು. ಅವನು ಎದುರಿನ ಕಟ್ಟೆಯ ಮೇಲೆ ಕೂತ. ಹೊರಗಿನ ಬಿಸಿಲು ಬಾಗಿಲಿನಷ್ಟೇ ಆಕಾರದಲ್ಲಿ ನೆಲದ ಮೇಲೆ ಬಿದ್ದಿತ್ತು. ಪಕ್ಕದ ಬಂಡೆಯಲ್ಲೇ ಒಂದು ಪುಟ್ಟ ಚರ್ಚು. ಅದರ ಗೋಡೆಯ ಸಂತರ ಕಣ್ಣುಗಳನ್ನು ಯಾರೋ ಎಂದೋ ಕೆರೆದು ಹಾಕಿದ್ದರು. ಚಿಕ್ಕವಳಿದ್ದಾಗ ತನಗೆ ಅವುಗಳ ಭಯ, ರಾತ್ರಿ ಹೊರಗೆ ಹೋಗಲು ಒಪ್ಪುತ್ತಿರಲಿಲ್ಲ, ಅವರು ಕಣ್ಣು ಮುಚ್ಚಿ ನಿದ್ದೆ ಮಾಡ್ತಿದಾರೆ, ಗಲಾಟೆ ಮಾಡದೆ ಬಾ ಎಂದು ಅಕ್ಕ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು ಎಂದು ಹೇಳಿದಳು. ಅಕ್ಕನ ಹೆಸರು ಬಂದದ್ದೇ ಮಾತು ತಾನಾಗಿ ಅತ್ತ ಹರಿಯಿತು. ಅವಳು ತಡೆಯಲಿಲ್ಲ.

ಮುನೆವ್ವೆರ್ ಕೊನೆಯ ವಾರಗಳಲ್ಲಿ ತುರ್ಕಿಯನ್ನು ಮರೆತುಬಿಟ್ಟಿದ್ದಳು. ಜೀವಮಾನವೆಲ್ಲ ಆಡಿದ್ದ ಮಾತು ಒಂದು ಜ್ವರಕ್ಕೆ ಹೊರಟುಹೋಯಿತು. ಮಕ್ಕಳು ನೀರು ಬೇಕಾ ಎಂದರೆ ಪಿಳಿಪಿಳಿ ನೋಡುತ್ತಿದ್ದಳು. ರೆಫಿಯೆ ಪಕ್ಕದಲ್ಲಿ ಕೂತು ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸುತ್ತಿದ್ದಳು. ಪಟ್ಟಣದ ಆಸ್ಪತ್ರೆಗೆ ಸೇರಿಸಿದಾಗಲೂ ಜೊತೆಗಿದ್ದಳು. ಬಟ್ಟೆ ತರಲೆಂದು ಒಂದು ದಿನ ಊರಿಗೆ ಬಂದಳು. ಅವತ್ತೇ ಹಿಮ ಬಿದ್ದು ದಾರಿ ಮುಚ್ಚಿತು. ದಾರಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಲ್ಲಿದ್ದ ನರ್ಸು ಒಳ್ಳೇ ಹುಡುಗಿ. ರಾತ್ರಿಯೆಲ್ಲ ಕೈ ಹಿಡ್ಕೊಂಡು ಕೂತಿದ್ಲಂತೆ," ಎಂದಳು ರೆಫಿಯೆ. "ಅಕ್ಕ ಒಂದೇ ಪದ ಹೇಳ್ತಾ ಇದ್ಲಂತೆ, ಮತ್ತೆ ಮತ್ತೆ. ನೀರು ಕೊಟ್ಟರೂ ಅದೇ, ಹೊದಿಕೆ ಹೊದಿಸಿದರೂ ಅದೇ. ಆ ಹುಡುಗಿ ಪದ ನೆನಪಿಟ್ಕೊಂಡು ನನ್ನ ಮಗನಿಗೆ ಹೇಳಿದಾಳೆ. ಅವನು ಬಂದು ನನಗೆ ಹೇಳ್ದ. ಅಮ್ಮ, ಆನಿಕ್ಸಿ ಅಂದ್ರೇನು ಅಂತ ಕೇಳ್ದ. ನಂಗೊತ್ತಿಲ್ಲಪ್ಪ ಅಂದ್ಬಿಟ್ಟೆ."

ಅವಳಿಗೆ ಗೊತ್ತಿತ್ತು. ಆನಿಕ್ಸಿ ಎಂದರೆ ತೆರೆ. ಏನನ್ನು ತೆರೆಯಬೇಕಿತ್ತು? ಕಿಟಕಿಯನ್ನೋ, ಬಾಗಿಲನ್ನೋ, ಬಿಗಿದಿದ್ದ ಅಂಗಿಯ ಗುಂಡಿಯನ್ನೋ? ಒಂದು ಕೈ ಚಾಚಿದರೆ ಆಗುವ ಕೆಲಸ. ಭಾಷೆ ಬಲ್ಲ ಒಬ್ಬಳು ಹತ್ತಿರವಿದ್ದರೆ ಆಗಿಹೋಗುತ್ತಿತ್ತು. ಚಳಿಗಾಲ ಕಳೆದು ಬೇಸಿಗೆಯೂ ಕಳೆದರೂ ಅವಳು ಮಲಗಿದಲ್ಲಿ ಎದ್ದಲ್ಲಿ ಅದನ್ನೇ ಯೋಚಿಸುತ್ತಿದ್ದಳು. ಕೆಲವೊಮ್ಮೆ ಸುಮ್ಮನೆ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದಳು. ಚಳಿ ಬರುತ್ತೆ ಎಂದು ಸುನಾ ಗೊಣಗಿ ಮುಚ್ಚುತ್ತಿದ್ದಳು.

ಪ್ರೊದ್ರೊಮೋಸ್ ಆ ಪದವನ್ನು ಬಾಯಲ್ಲಿ ಹೊರಳಿಸಿದ. ಆಮೇಲೆ, ಅವತ್ತು ಮೊದಲ ಸಲ, ಗ್ರೀಕಿನಲ್ಲಿ ಮಾತಾಡಿದ.

"ಆನಿಕ್ಸಿ. ವಸಂತ," ಎಂದ. "ವಸಂತಕಾಲ. ಚಳಿಗಾಲದಲ್ಲಿ ಮಲಗಿದ್ದವಳಲ್ವಾ, ವಸಂತ ಬೇಕು ಅಂತ ಕೇಳಿದಾಳೆ. ಅದರಲ್ಲಿ ನೀನು ಮಾಡೋದೇನಿತ್ತು ಹೇಳು. ಅದನ್ನ ಯಾರು ತಂದುಕೊಡ್ತಾರೆ?"

ರೆಫಿಯೆ ಬಾಯಿ ತೆರೆದಳು. ಹಾಗಲ್ಲ ಎಂದು ಹೇಳುವವಳಿದ್ದಳು. ಬೇರೆ ಸೀಮೆಯವರು ತೆರೆ ಎನ್ನುವುದಕ್ಕೆ ಆನಿಕ್ಸೆ ಎನ್ನುತ್ತಾರೆ. ಅವಳ ಹುಟ್ಟೂರಿನವರ ಬಾಯಲ್ಲಿ ಆ ಪದದ ತುದಿ ವಾಲಿ ಆನಿಕ್ಸಿ ಆಗುತ್ತದೆ. ಚಿಕ್ಕಂದಿನಲ್ಲಿ ಅಕ್ಕ ಬೆಳಗಾದರೆ ಬಾಗಿಲು ಬಡಿದು ಕೂಗುತ್ತಿದ್ದುದು ಅದನ್ನೇ. ಅದು ಇವನಿಗೆ ಹೇಗೆ ಗೊತ್ತಾಗಬೇಕು? ಇವನ ಗ್ರೀಕ್ ಶಾಲೆಯಲ್ಲಿ ಏಟು ತಿಂದು ಕಲಿತದ್ದು. ಆದರೆ ಅವನ ಮುಖ ನೋಡಿದಳು. ಬೇಡದ ಭಾಷೆಯನ್ನು ಅವಳಿಗೋಸ್ಕರ ಬಾಯಿಗೆ ತಂದುಕೊಂಡು, ಸರಿಹೋಯಿತಾ ಎನ್ನುವಂತೆ ಅವಳನ್ನೇ ನೋಡುತ್ತಿದ್ದ.

"ಇರಬಹುದು," ಎಂದಳು. ಅವಳಿಗೆ ತಿಳಿಯದೆಯೇ ಅದನ್ನು ತುರ್ಕಿಯಲ್ಲಿ ಹೇಳಿದ್ದಳು.

ಮೇಲಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಪ್ರವಾಸಿಗರ ಗುಂಪು ಆಗಲೇ ಏರು ಹತ್ತುತ್ತಿತ್ತು. ಗೈಡ್ ಯುವಕನೊಬ್ಬ ಮೂರು ಭಾಷೆಗಳಲ್ಲಿ ಮುದುಕನನ್ನು ಕರೆಯುತ್ತ ಓಡಿಬಂದ. ಪ್ರೊದ್ರೊಮೋಸ್ ಅವಸರ ಮಾಡಲಿಲ್ಲ. ಗವಿಯಿಂದ ಹೊರಬರುವಾಗ ಗೋಡೆಗೆ ಮೂಗು ಹಚ್ಚಿ ಉಸಿರೆಳೆದುಕೊಂಡ. ವಾಸನೆ ಹೋಗಿಬಿಟ್ಟಿದೆ ಎಂದ. ನಮ್ಮಮ್ಮ ಕೇಳಿದ್ದರೆ ಸಂತೋಷಪಡ್ತಿದ್ದಳು ಎಂದಳು ರೆಫಿಯೆ.

ಬಸ್ಸು ಬೆಕಿರನ ಅಂಗಡಿಯ ಮುಂದೆಯೇ ನಿಂತಿತ್ತು. ಊರ ಗಂಡಸರೆಲ್ಲ ಕುರ್ಚಿಗಳನ್ನು ಹೊರಗೆಳೆದುಕೊಂಡು ಕೂತಿದ್ದರು. ಸುನಾ ಕೊಪ್ಪರಿಗೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಅತ್ತೆಯನ್ನು ಹುಡುಕಿಕೊಂಡು ಬಂದಿದ್ದಳು. ಮುದುಕ ಕಂಬಿ ಹಿಡಿದು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ.

"ಮೆಲ್ಲಗೆ ಹತ್ತೋ, ಕಾಲು ಜೋಪಾನ," ಎಂದು ರೆಫಿಯೆ ಕೂಗಿದಳು. ಗ್ರೀಕಿನಲ್ಲಿ, ಗಟ್ಟಿಯಾಗಿ, ಬಟ್ಟಬಯಲಿನಲ್ಲಿ.

ಅಂಗಡಿಯ ಮುಂದೆ ಕೂತವರೆಲ್ಲ ಅವಳತ್ತ ತಿರುಗಿದರು. ಬಸ್ಸಿನೊಳಗಿನ ಹೆಂಗಸರು ಕಿಟಕಿಗಳಿಗೆ ಮುಖ ಒತ್ತಿ ನೋಡಿದರು. ಮುದುಕ ತನ್ನ ಸೀಟಿನ ಹತ್ತಿರದ ಕಿಟಕಿಯಿಂದ ತಲೆ ಹೊರಹಾಕಿ, "ಹೋಗಿ ಬರ್ತೀನಿ, ಇಸ್ಮಾಯಿಲನ ಮಗಳೇ," ಎಂದ. ಈ ಸಲ ಅವನ ತುರ್ಕಿ ಕೇಳಿ ಯಾರೂ ನಗಲಿಲ್ಲ. ಬಸ್ಸು ಹೊರಟಿತು. ಅವನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶೆವ್ಕೆತ್ ಟೀ ಲೋಟದಲ್ಲಿ ಚಮಚ ತಿರುಗಿಸುತ್ತ, ಏನಪ್ಪಾ ಬೆಕಿರ್, ನಿಮ್ಮ ತಾಯಿಯವರ ಬಾಯಲ್ಲಿ ಇನ್ನೂ ಅದೇ ಮಾತು ಉಳಿದಿದೆಯಲ್ಲ ಎಂದ. ಯಾರೋ ಕಿಸಕ್ಕೆಂದರು. ರೆಫಿಯೆ ಮಗನ ಮುಖ ನೋಡಲು ಹೆದರಿ ನೆಲ ನೋಡುತ್ತ ನಿಂತಳು. ಬೆಕಿರ್ ಕೈಯಲ್ಲಿದ್ದ ಲೋಟವನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದ.

"ಉಳಿದಿದೆ ಯಜಮಾನರೇ," ಎಂದ. "ನಿಮ್ಮ ಟೀ ಆರ್ತಾ ಇದೆ."

ಅಷ್ಟೇ. ಆದರೂ ಅವನು ತಾಯಿಯತ್ತ ತಿರುಗಲಿಲ್ಲ. ಒರೆಸಲು ಇನ್ನೊಂದು ಲೋಟ ಎತ್ತಿಕೊಂಡ.

ಅತ್ತೆ ಸೊಸೆ ಮನೆಯ ದಾರಿ ಹಿಡಿದರು. ಏರು ದಾರಿಯ ತಿರುವಿನಲ್ಲಿ ಒಂದು ಅಕ್ರೋಟಿನ ಮರ. ಕಾಯಿಗಳು ಸಿಪ್ಪೆ ಬಿರಿದು ಕೆಳಗೆ ಉದುರಿದ್ದವು. ಸುನಾ ಬಗ್ಗಿ ಒಂದನ್ನು ಆರಿಸಿ, ಹಿಮ್ಮಡಿಯಿಂದ ತುಳಿದು ಒಡೆದು, ಚೂರು ಬಿಡಿಸಿ ಅರ್ಧವನ್ನು ಅತ್ತೆಯ ಕೈಗೆ ಕೊಟ್ಟಳು. ಸ್ವಲ್ಪ ದೂರ ನಡೆದ ಮೇಲೆ, ಬೇರೆ ಏನೋ ಕೇಳುವವಳ ಹಾಗೆ ಕೇಳಿದಳು.

"ಅತ್ತೆ, ಇದಕ್ಕೆ ನಿಮ್ಮ ಮಾತಲ್ಲಿ ಏನಂತಾರೆ?"

ಸೊಸೆಯಾಗಿ ಬಂದು ಇಷ್ಟು ವರ್ಷಗಳಲ್ಲಿ ಅವಳು ಇಂಥದ್ದನ್ನು ಕೇಳಿದ್ದು ಇದೇ ಮೊದಲು. ರೆಫಿಯೆ ಕೂಡಲೇ ಹೇಳಹೊರಟಳು. ಪದ ಬರಲಿಲ್ಲ. ಮರ ಕಂಡಿತು. ಹುಟ್ಟೂರಿನ ಮನೆಯ ಹಿಂದೆ, ಬಾವಿಗೆ ಒರಗಿದಂತಿದ್ದ ಮರ. ಮುನೆವ್ವೆರ್ ಕೊಂಬೆ ಹತ್ತಿ ಅಲುಗಾಡಿಸುತ್ತಿದ್ದಳು, ಕೆಳಗೆ ತಾನು ಲಂಗ ಒಡ್ಡಿ ಹಿಡಿಯುತ್ತಿದ್ದಳು. ಸಿಪ್ಪೆ ಸುಲಿದು ಇಬ್ಬರ ಬೆರಳೂ ಕಪ್ಪಾಗಿ, ಎಷ್ಟು ಉಜ್ಜಿದರೂ ಹೋಗದೆ, ಅಮ್ಮ ಬೈಯುತ್ತಿದ್ದಳು. ಬೈಗುಳದಲ್ಲಿ ಆ ಪದವೂ ಇತ್ತು. ಅಮ್ಮನ ಬಾಯಿ ಆಡುವುದು ಕಾಣುತ್ತಿತ್ತು, ಪದ ಮಾತ್ರ ಕೇಳಿಸುತ್ತಿರಲಿಲ್ಲ.

ಅಕ್ಕನಿಗೆ ಗೊತ್ತಿತ್ತು. ಆ ಮುದುಕನಿಗೂ ಗೊತ್ತಿರುತ್ತದೆ. ಅವಳು ತಿರುಗಿ ಕೆಳಗೆ ನೋಡಿದಳು. ರಸ್ತೆ ಖಾಲಿಯಾಗಿತ್ತು. ಬಸ್ಸು ಎಬ್ಬಿಸಿದ್ದ ಧೂಳು ಕೂಡ ಕೂತಿತ್ತು.

"ನೆನಪಾದಾಗ ಹೇಳ್ತೀನಿ ಕಣಮ್ಮ," ಎಂದಳು.

ಸುನಾ ಹೂಂ ಎಂದು ಒಂದು ಹೆಜ್ಜೆ ಮುಂದೆ ನಿಂತು ಕಾದಳು. ರೆಫಿಯೆ ಅಕ್ರೋಟಿನ ಚೂರನ್ನು ಬಾಯಿಗೆ ಹಾಕಿಕೊಂಡಳು. ಹೊಸ ಕಾಯಿ. ಮೇಲಿನ ತೆಳುಸಿಪ್ಪೆ ಸ್ವಲ್ಪ ಕಹಿಯಾಗಿತ್ತು. ಅವಳು ಅದನ್ನು ನುಂಗದೆ ನಾಲಿಗೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡೇ ಏರು ಹತ್ತಿದಳು.